ಬೀದಿಯ ಖರ್ಚಿನಲ್ಲಿ ಮನೆಯವರ ಪಾಲೆಷ್ಟು?

ಲಂಡನ್ನಿನ ಹಳೆಯ ಪೇಟೆ ಬಹುಪಾಲು ಸುಟ್ಟುಹೋದದ್ದು 1666ರಲ್ಲಿ. ಮರುವರ್ಷ ಪಾರ್ಲಿಮೆಂಟು ಮಾಡಿದ ಪುನರ್ನಿರ್ಮಾಣ ಕಾಯಿದೆಯಲ್ಲಿ, ಬೀದಿ ಅಗಲಿಸಲು ಜಾಗ ಬಿಟ್ಟವರಿಗೆ ಪರಿಹಾರ ಸಿಗುವ ಏರ್ಪಾಟಿತ್ತು. ಜತೆಗೆ ಇನ್ನೊಂದು ಅಂಶವೂ ಇತ್ತು: ಬೀದಿ ಅಗಲವಾದ್ದರಿಂದ ಯಾರ ಮನೆಗೆ ಲಾಭವಾಯಿತೋ ಅವರಿಂದ ಹಣ ವಸೂಲಿ ಮಾಡಬಹುದು, ಎಷ್ಟೆಂಬುದನ್ನು ಜ್ಯೂರಿ ನಿರ್ಧರಿಸಬೇಕು. 1691ರಲ್ಲಿ ನ್ಯೂಯಾರ್ಕ್ ಪ್ರಾಂತ್ಯ ಇದನ್ನು ಹೆಚ್ಚುಕಡಿಮೆ ಯಥಾವತ್ತಾಗಿ ತನ್ನ ಶಾಸನಕ್ಕೆ ಇಳಿಸಿಕೊಂಡಿತು. ಈ ವಂಶಾವಳಿಯನ್ನು ಗುರುತಿಸಿದವರು ವಿಕ್ಟರ್ ರೋಸ್‌ವಾಟರ್. ಲಾಭ ಪಡೆದವರಿಂದ ಹೀಗೆ ವಸೂಲಿ ಮಾಡುವ ‘ವಿಶೇಷ ವಂತಿಗೆ’ಯ ಬಗ್ಗೆ ಅವರ ಅಧ್ಯಯನ ಪ್ರಕಟವಾದದ್ದು 1893ರಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಊರುಗಳು ಬೆಳೆದಂತೆ ಈ ವಂತಿಗೆಯೂ ಬೆಳೆಯಿತು. ಇದು ತೆರಿಗೆ ಹಾಕುವ ಅಧಿಕಾರದೊಳಗೇ ಬರುತ್ತದೆಂದು ನ್ಯೂಯಾರ್ಕಿನ ಉನ್ನತ ನ್ಯಾಯಾಲಯ 1851ರ ಬ್ರೂಕ್ಲಿನ್ ಪ್ರಕರಣದಲ್ಲಿ ಒಪ್ಪಿತು. ವಸೂಲಿಯ ಹಕ್ಕು ಹೀಗೆ ಇತ್ಯರ್ಥವಾಯಿತು. ದರದ ತಗಾದೆ ಮಾತ್ರ ಉಳಿಯಿತು.

ಎಂಜಿನಿಯರುಗಳಿಗೆ ಎಲ್ಲಕ್ಕಿಂತ ಸುಲಭವೆನಿಸಿದ್ದು ಅಡಿ ಲೆಕ್ಕ. ಸೈಟು ಬೀದಿಗೆ ತಾಗಿಕೊಂಡಿರುವ ಉದ್ದವನ್ನು ಟೇಪು ಹಿಡಿದು ಅಳೆದು, ಅಡಿಗಿಷ್ಟು ಎಂದು ಹಂಚುವುದು. ಇದು ಎಂಥ ವಿಪರೀತಕ್ಕೆ ಹೋಗಬಹುದೆಂಬುದನ್ನು ಒಹಾಯೊದ ನಾರ್‌ವುಡ್ ಎಂಬ ಊರಿನ ಮೊಕದ್ದಮೆ ತೋರಿಸಿಕೊಟ್ಟಿತು. ರಸ್ತೆ ಮುಂದುವರಿಸಲು ಅಲ್ಲಿನ ಆಡಳಿತ ಬೇಕರ್ ಎಂಬ ಮಹಿಳೆಯ ಜಮೀನಿನ ನಡುವೆ 300 ಅಡಿ ಉದ್ದದ ಪಟ್ಟಿಯನ್ನು ವಶಪಡಿಸಿಕೊಂಡು 2,000 ಡಾಲರ್ ಪರಿಹಾರ ಕೊಟ್ಟಿತು. ಆಮೇಲೆ ಆ 2,000 ಡಾಲರಿನ ಜತೆಗೆ ವಶಪಡಿಸಿಕೊಂಡ ಖರ್ಚನ್ನೂ ಸೇರಿಸಿ, ರಸ್ತೆಯ ಎರಡೂ ಬದಿಗೆ ಉಳಿದಿದ್ದ ಆಕೆಯದೇ ಜಮೀನಿನ ಮೇಲೆ ಅಡಿ ಲೆಕ್ಕದಲ್ಲಿ ಹೇರಿತು. ಜಮೀನೂ ಹೋಯಿತು, ಪರಿಹಾರವೂ ವಾಪಸಾಯಿತು! ಆಸ್ತಿಗೆ ಆದ ವಿಶೇಷ ಲಾಭಕ್ಕಿಂತ ಗಣನೀಯವಾಗಿ ಹೆಚ್ಚು ವಸೂಲಿ ಮಾಡಿದರೆ ಅದು ಪರಿಹಾರವಿಲ್ಲದೆ ಆಸ್ತಿ ಕಿತ್ತುಕೊಂಡಂತೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1898ರಲ್ಲಿ ತೀರ್ಪಿತ್ತಿತು. ತೀರ್ಪು ಬರೆದವರು ನ್ಯಾಯಮೂರ್ತಿ ಹಾರ್ಲನ್.

ಮೂರೇ ವರ್ಷಗಳಲ್ಲಿ ಗಾಳಿ ತಿರುಗಿತು. ಕ್ಯಾನ್ಸಸ್ ಸಿಟಿಯ ಡಾಂಬರು ರಸ್ತೆಯೊಂದರ ವಿವಾದದಲ್ಲಿ ಅದೇ ಕೋರ್ಟು 1901ರಲ್ಲಿ ಅಡಿ ಲೆಕ್ಕವನ್ನು ಎತ್ತಿಹಿಡಿಯಿತು. ಈ ಸಲ ಹಾರ್ಲನ್ ಭಿನ್ನಮತದ ಕಡೆಗಿದ್ದರು.

ಅಡಿ ಲೆಕ್ಕದ ತೊಡಕು ಎಲ್ಲಿದೆಯೆಂದು ತಿಳಿಯಲು ಒಂದು ಕಾಲ್ಪನಿಕ ಬೀದಿ ಸಾಕು. ಅಲ್ಲಿ 60 ಅಡಿ ಅಗಲ, 120 ಅಡಿ ಆಳದ ಹತ್ತು ಸೈಟುಗಳಿವೆ, ಸೈಟಿಗೊಂದು ಮನೆ. ಒಂಬತ್ತು ಸೈಟುಗಳ ಮುಂಭಾಗ ಈ ಬೀದಿಗಿದೆ. ಹತ್ತನೆಯದು ಮೂಲೆ ಸೈಟು. ಅದರ 120 ಅಡಿಯ ಪಕ್ಕ ಇತ್ತ ತಾಗಿದೆ. ನಿವಾಸಿಗಳು ಕೊಡಬೇಕಾದ ಮೊತ್ತ 66,000 ಡಾಲರ್. ಅಡಿಗೆ 100ರಂತೆ ಹಂಚಿದರೆ ಒಂಬತ್ತು ಮಂದಿಗೆ ತಲಾ 6,000 ಬೀಳುತ್ತದೆ, ಮೂಲೆಯವರಿಗೆ 12,000. ಮುಂದೆ ಅಡ್ಡರಸ್ತೆ ಅಗೆದಾಗ ಅವರು ಮತ್ತೆ ಹಣ ತೆರಬೇಕು. ವಿಸ್ತೀರ್ಣದ ಮೇಲಾಗಲಿ ಮನೆಗಿಷ್ಟೆಂದಾಗಲಿ ಹಂಚಿದರೆ ಎಲ್ಲರಿಗೂ 6,600.

ಈ ಮೂರು ಲೆಕ್ಕಗಳೂ ಖರ್ಚನ್ನು ಹಂಚುತ್ತವೆ, ಲಾಭವನ್ನು ಅಳೆಯುವುದಿಲ್ಲ. ಮಿನೆಸೋಟದ ಸುಪ್ರೀಂ ಕೋರ್ಟ್ 1976ರಲ್ಲಿ ವಿಂಡಮ್ ಪಟ್ಟಣದ ಮೊಕದ್ದಮೆಯಲ್ಲಿ ಹಿಡಿದದ್ದು ಇದನ್ನೇ. ಕಾಮಗಾರಿಗೆ ಮುಂಚೆ ಆಸ್ತಿಯ ಮಾರುಕಟ್ಟೆ ಬೆಲೆ ಎಷ್ಟಿತ್ತು, ಆದ ಮೇಲೆ ಎಷ್ಟಾಯಿತು? ಆ ಏರಿಕೆಯನ್ನು ವಂತಿಗೆ ಮೀರಬಾರದು. ನಮ್ಮ ಕಾಲ್ಪನಿಕ ಬೀದಿಯಲ್ಲಿ ಪ್ರತಿ ಮನೆಯ ಬೆಲೆ 5,000 ಮಾತ್ರ ಏರಿದ್ದರೆ ಊರಿಗೆ ದಕ್ಕುವುದು ಹೆಚ್ಚೆಂದರೆ 50,000. ಉಳಿದ 16,000 ಸಾಮಾನ್ಯ ಬೊಕ್ಕಸದಿಂದ ಬರಬೇಕು. ಕೆಟ್ಟಿದ್ದ ರಸ್ತೆಯನ್ನು ಮತ್ತೆ ಕಟ್ಟುವಾಗ ಬಿಕ್ಕಟ್ಟು ಬಿಗಿಯಾಗುತ್ತದೆ. ಮಣ್ಣುರಸ್ತೆಗೆ ಮೊದಲ ಬಾರಿ ಡಾಂಬರು ಬಿದ್ದಾಗ ಬೆಲೆ ಜಿಗಿದಂತೆ ಆಗ ಜಿಗಿಯುವುದಿಲ್ಲ. ಆ ರಸ್ತೆಯನ್ನು ಸವೆಸಿದ್ದರಲ್ಲಿ ಊರಿನ ಎಲ್ಲರ ವಾಹನಗಳ ಪಾಲೂ ಇರುತ್ತದೆ.

ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿದ 218ನೇ ಪ್ರಸ್ತಾವ ಸಾಮಾನ್ಯ ಲಾಭ, ವಿಶೇಷ ಲಾಭಗಳ ನಡುವಣ ಭೇದವನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿತು. ಊರಿಗೆಲ್ಲ ಆಗುವ ಸಾಮಾನ್ಯ ಲಾಭವನ್ನು ಬೇರ್ಪಡಿಸಿ, ಆಸ್ತಿಯ ವಿಶೇಷ ಲಾಭಕ್ಕೆ ಮಾತ್ರ ದರ ಹಾಕಬೇಕು. ಅದಕ್ಕೆ ಎಂಜಿನಿಯರರ ವರದಿ ಇರಬೇಕು. ಮಾಲೀಕರ ಮತಪತ್ರಗಳಿಗೆ ಅವರವರ ವಂತಿಗೆಯ ಮೊತ್ತಕ್ಕೆ ತಕ್ಕ ತೂಕ ಸಿಗಬೇಕು.

ನಮ್ಮಲ್ಲೂ ಈ ಚಿಂತನೆ ಹೊಸದಲ್ಲ. ಧಾರವಾಡ, ಬೆಳಗಾವಿಗಳು ಮುಂಬೈ ಪ್ರಾಂತ್ಯದಲ್ಲಿದ್ದಾಗ ಬಂದ 1915ರ ಬಾಂಬೆ ನಗರ ಯೋಜನಾ ಕಾಯಿದೆ, ಯೋಜನೆಯಿಂದ ಏರಿದ ಭೂಬೆಲೆಯಲ್ಲಿ ಪಾಲು ಕೇಳಿತ್ತು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯಿದೆಯಲ್ಲೂ ಇಂಥದೇ ಬೆಟರ್‌ಮೆಂಟ್ ತೆರಿಗೆಗೆ ಅವಕಾಶವಿದೆ. ಆದರೆ ಇದ್ದ ಬೀದಿಯನ್ನು ಮತ್ತೆ ಕಟ್ಟಿದ್ದಕ್ಕೆ ಅಕ್ಕಪಕ್ಕದ ಮನೆಗಳಿಗೆ ಬಿಲ್ಲು ಕಳಿಸುವ ರೂಢಿ ಇಲ್ಲಿಲ್ಲ.

ಮುಂದೆ ಯಾವುದಾದರೂ ನಗರಸಭೆ ಅದಕ್ಕೆ ಕೈಹಾಕುವುದಾದರೆ ಮಿನೆಸೋಟದ ಕ್ರಮವನ್ನು ಗಮನಿಸಬೇಕು. ಅಲ್ಲಿ ಮೊದಲು ನೋಟಿಸು, ಬಳಿಕ ಬಹಿರಂಗ ವಿಚಾರಣೆ. ವಿಚಾರಣೆಗೆ ಮುಂಚೆ ಇಲ್ಲವೇ ವಿಚಾರಣೆಯಲ್ಲೇ ಮಾಲೀಕರು ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ದರ ಅಂಗೀಕಾರವಾದ 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ನಮ್ಮಲ್ಲಿ ದರಪಟ್ಟಿಗಿಂತ ಮೊದಲು ಸೈಟುವಾರು ಲಾಭದ ಲೆಕ್ಕ ಜನರ ಕೈಗೆ ಬರಲಿ.