ತೋಟದ ಮಣ್ಣಿಗಿಳಿದ ತಾಮ್ರ

ನಮ್ಮ ಸಾಗರ ಸೀಮೆಯಲ್ಲಿ ಮಳೆ ಹಿಡಿಯುವ ಮೊದಲು ಮರ ಹತ್ತುವ ಕೊನೆಗೌಡ ಸಿಕ್ಕಿದರೆ ಪುಣ್ಯ. ಅಡಿಕೆಗೆ ಕೊಳೆರೋಗದ ಔಷಧಿ ಬೀಳಲೇಬೇಕು. ಹಿಂದೆ ಕೊಟ್ಟೆ ಕಟ್ಟುತ್ತಿದ್ದರು. ಮರ ಮರ ಹತ್ತಿ, ಒಂದೊಂದು ಕೊನೆಗೂ ಮಳೆನೀರು ತಾಗದಂತೆ ಹೊದಿಕೆ ಕಟ್ಟಿ ಇಳಿಯುವುದು ಜೀವ ತೇಯುವ ಕೆಲಸ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. 1910ರಲ್ಲಿ ಅದರ ಶಿಲೀಂಧ್ರದ ವಿವರ ಪ್ರಕಟಿಸಿದರು, ಬೋರ್ಡೋ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದರು. ಫ್ರಾನ್ಸಿನ ದ್ರಾಕ್ಷಿಗೆ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಹೇಳಿದ ಔಷಧಿಯದು. ಕೋಲ್ಮನ್ನರ ಋಣ ನಮ್ಮ ಮೇಲಿದೆ, ಅದರಲ್ಲಿ ಎರಡು ಮಾತಿಲ್ಲ.

ಆ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಪ್ಪಯ್ಯ ಕತ್ತಿಯ ತುದಿ ಅದ್ದಿ ನೋಡುತ್ತಿದ್ದರು. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ. ಆ ಕೆಂಪೇ ತಾಮ್ರ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರವೇ, ಅಂದರೆ ನೂರು ಲೀಟರಿಗೆ ಸುಮಾರು 250 ಗ್ರಾಂ. ಕೊನೆಗೆ ಅಂಟಿದ್ದು ಸ್ವಲ್ಪ, ಉಳಿದದ್ದು ಬುಡಕ್ಕೆ. ಬೇರೆ ಔಷಧಿಗಳು ಕಾಲಕ್ರಮದಲ್ಲಿ ಒಡೆದು ಹೋಗಬಹುದು. ಲೋಹ ಒಡೆಯುವುದಿಲ್ಲ, ಅಲ್ಲೇ ಕೂರುತ್ತದೆ.

ಅದರ ಲೆಕ್ಕ ಕೊಡುವುದು ಎರೆಹುಳು. ಅದು ಉಸಿರಾಡುವುದು ಒದ್ದೆ ಚರ್ಮದಿಂದ, ತಿನ್ನುವುದು ಮಣ್ಣನ್ನೇ. ತಾಮ್ರ ಹೆಚ್ಚಾದರೆ ಹುಳ ಸಾಯುವುದಕ್ಕೆ ಬಹಳ ಮೊದಲೇ ಮೊಟ್ಟೆಗೂಡು ಇಡುವುದು ಕಡಿಮೆಯಾಗುತ್ತದೆ. ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ತಾಮ್ರ ಹೊಡೆದ ಸೇಬಿನ ತೋಟವೊಂದರಲ್ಲಿ ಎರೆಹುಳುಗಳು ಹೆಚ್ಚುಕಡಿಮೆ ಇಲ್ಲವಾಗಿ, ಉದುರಿದ ಎಲೆ ಮಣ್ಣಿಗಿಳಿಯದೆ ನೆಲದ ಮೇಲೆ ಚಾಪೆಯಂತೆ ಹೆಪ್ಪುಗಟ್ಟಿದ್ದನ್ನು 1960ರ ದಶಕದಲ್ಲೇ ದಾಖಲಿಸಿದ್ದರು. ಬೆಟ್ಟದ ಸೊಪ್ಪು ಹೊತ್ತು ತಂದು ಹಾಸುವ ನಮ್ಮಂಥವರು ಇದನ್ನು ಓದಿದರೆ ಎದೆ ಧಸಕ್ಕೆನ್ನಬೇಕು. ಯುರೋಪಿನವರು ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರಕ್ಕಿಂತ ಹೆಚ್ಚು ಹಾಕಬಾರದೆಂದು ಕಟ್ಟು ಮಾಡಿದ್ದಾರೆ.

ಈಗ ನ್ಯಾನೋ ತಾಮ್ರದ ಮಾತು. ಕಣದ ಗಾತ್ರ 100 ನ್ಯಾನೋಮೀಟರಿಗಿಂತ ಕಡಿಮೆ, ಆದ್ದರಿಂದ ಕಡಿಮೆ ಲೋಹ ಸಾಕು ಎನ್ನುತ್ತಾರೆ. ಇರಬಹುದು. ಆದರೆ ಕಣ ಸಣ್ಣದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಹೆಚ್ಚು, ಕರಗಿ ಅಯಾನು ಬಿಡುವುದೂ ಸಲೀಸು. ಕರಗದೆ ಉಳಿದ ಕಣ ಮಣ್ಣಿನೊಡನೆ ಹುಳದ ಹೊಟ್ಟೆ ಸೇರುತ್ತದೆ. 1984ರ ಅಂತರರಾಷ್ಟ್ರೀಯ ಕ್ರಮದ ಪ್ರಕಾರ ಎರೆಹುಳುವಿನ ಮೇಲಿನ ವಿಷದ ಪರೀಕ್ಷೆ 14 ದಿನ. ಮಣ್ಣು ಕೃತಕ: ಮರಳು, ಜೇಡಿ, ಪೀಟ್ ಬೆರೆಸಿದ್ದು. ಹುಳವೂ ಗೊಬ್ಬರದ ಗುಂಡಿಯದು. ನಮ್ಮ ತೋಟದಲ್ಲಿ ಮೂರು ತಲೆಮಾರಿನ ತಾಮ್ರ ಮೊದಲೇ ಕೂತಿದೆ. ಹೊಸ ಬಾಟಲಿ ಹಿಡಿದು ಬಂದವರನ್ನು ನಾನು ಕೇಳುವುದು ಇಷ್ಟೇ: ಆ ಮಣ್ಣಿನಲ್ಲಿ, ಅಲ್ಲಿನ ಹುಳದ ಮೇಲೆ ನೋಡಿದ್ದೀರಾ ಮಾರಾಯ್ರೇ?