ಸಾಲ ಕೊಟ್ಟವರಿಗೂ ಹೊಣೆ ಇದೆಯೇ?



ಮನೆ ಸಾಲಕ್ಕೆಂದು ನೀವು ಬ್ಯಾಂಕಿಗೆ ಹೋದರೆ ಮ್ಯಾನೇಜರು ಏನು ಕೇಳುತ್ತಾರೆ? ಸಂಬಳದ ಚೀಟಿ, ಜಾಗದ ಪತ್ರ, ಜಾಮೀನು. ಕೊಟ್ಟ ಹಣ ಬಡ್ಡಿ ಸಮೇತ ವಾಪಸ್ ಬರುತ್ತದೆಯೇ ಎಂಬುದಷ್ಟೇ ಅವರ ಚಿಂತೆ. ಅಣೆಕಟ್ಟು, ಗಣಿ, ವಿದ್ಯುತ್ ಸ್ಥಾವರಗಳಿಗೆ ಕೋಟಿಗಟ್ಟಲೆ ಸಾಲ ಕೊಡುವ ದೊಡ್ಡ ಬ್ಯಾಂಕುಗಳೂ ಬಹುಕಾಲ ಮುಖ್ಯವಾಗಿ ಇದನ್ನೇ ನೋಡುತ್ತಿದ್ದವು. ಆ ಹಣದಿಂದ ಯಾರ ಮನೆ ಮುಳುಗುತ್ತದೆ, ಯಾವ ಕಾಡು ಹೋಗುತ್ತದೆ ಎಂಬ ಪ್ರಶ್ನೆ ಸಾಲದ ಕಡತದೊಳಗೆ ಸೇರಿದ್ದು ತಡವಾಗಿ. ಸೇರಿಸಿದವರಲ್ಲಿ ನಮ್ಮ ದೇಶದ ಹಳ್ಳಿಗರ ಪಾಲು ದೊಡ್ಡದು.

1985ರಲ್ಲಿ ವಿಶ್ವಬ್ಯಾಂಕು ನರ್ಮದಾ ನದಿಯ ಸರ್ದಾರ್ ಸರೋವರ ಯೋಜನೆಗೆ 45 ಕೋಟಿ ಡಾಲರ್ ನೆರವು ಒಪ್ಪಿತು. ಅಣೆಕಟ್ಟು ಗುಜರಾತಿನಲ್ಲಿ, ಹಿನ್ನೀರು ಮಹಾರಾಷ್ಟ್ರ, ಮಧ್ಯಪ್ರದೇಶಕ್ಕೂ ಚಾಚುವಂಥದ್ದು. ಜನರನ್ನು ಎತ್ತಂಗಡಿ ಮಾಡುವಾಗ ಪಾಲಿಸಬೇಕಾದ ನಿಯಮವನ್ನು ಬ್ಯಾಂಕು 1980ರಲ್ಲೇ ಬರೆದುಕೊಂಡಿತ್ತು. ಆದರೆ ನಿಯಮ ಕಪಾಟಿನಲ್ಲಿತ್ತು, ಸಹಿ ಮಾತ್ರ ಬಿತ್ತು. ತಲೆಮಾರುಗಳಿಂದ ಉಳುತ್ತಿದ್ದರೂ ಪಹಣಿ ಇಲ್ಲದ ಆದಿವಾಸಿಗಳು ಕಾಗದದಲ್ಲಿ ಒತ್ತುವರಿದಾರರಾದರು. ಕಾಲುವೆಗೆ ಜಮೀನು ಕಳೆದುಕೊಳ್ಳುವ ರೈತರನ್ನು ಸಂತ್ರಸ್ತರ ಪಟ್ಟಿಗೇ ಸೇರಿಸಲಿಲ್ಲ.

ಮೇಧಾ ಪಾಟ್ಕರ್ ಅವರ ಜತೆ ನಿಂತ ಹಳ್ಳಿಗರ ಹೋರಾಟದ ಒತ್ತಡಕ್ಕೆ ಮಣಿದು ಬ್ಯಾಂಕು 1991ರಲ್ಲಿ ಸ್ವತಂತ್ರ ಸಮಿತಿ ನೇಮಿಸಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಬ್ರಾಡ್‌ಫೋರ್ಡ್ ಮೋರ್ಸ್ ಅದರ ಅಧ್ಯಕ್ಷರು. 1992ರ ಜೂನ್‌ನಲ್ಲಿ ಬಂದ ವರದಿ ಬ್ಯಾಂಕಿಗೇ ಮುಜುಗರ ತರುವಂತಿತ್ತು. ಈಗಿನ ಸ್ಥಿತಿಯಲ್ಲಿ ಎಲ್ಲರಿಗೂ ಪುನರ್ವಸತಿ ಸಾಧ್ಯವಿಲ್ಲ, ಪರಿಸರದ ಪರಿಣಾಮವನ್ನು ಸರಿಯಾಗಿ ನೋಡಿಲ್ಲ, ಬ್ಯಾಂಕು ಹಿಂದೆ ಸರಿಯುವುದೇ ಲೇಸು ಎಂದಿತು. ಬ್ಯಾಂಕು ಷರತ್ತು ಹಾಕಿ ಆರು ತಿಂಗಳ ಗಡುವು ಕೊಟ್ಟಿತು. 1993ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೇ ಉಳಿದ ಸಾಲ ಬೇಡವೆಂದಿತು.

ಅಣೆಕಟ್ಟು ನಿಂತಿತೇ? ಇಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ನೀಡಿತು, 2017ರಲ್ಲಿ ಯೋಜನೆ ಲೋಕಾರ್ಪಣೆಯಾಯಿತು. ಸೌರಾಷ್ಟ್ರ, ಕಚ್ಛ್‌ಗೆ ನೀರು ಹರಿದದ್ದೂ ನಿಜ. ಬದಲಾದದ್ದು ಸಾಲ ಕೊಡುವವರ ರೀತಿ. ಬ್ಯಾಂಕಿನ ಯೋಜನೆಯಿಂದ ನೊಂದವರು ನೇರವಾಗಿ ದೂರು ಕೊಡಬಹುದಾದ ತಪಾಸಣಾ ಮಂಡಳಿಯೊಂದನ್ನು ವಿಶ್ವಬ್ಯಾಂಕು 1993ರ ಸೆಪ್ಟೆಂಬರ್‌ನಲ್ಲಿ ಸ್ಥಾಪಿಸಿತು.

ಬಾಗಲಕೋಟೆ, ವಿಜಾಪುರದ ಕಡೆಯಿಂದ ಪುಣೆ, ಮುಂಬಯಿಗೆ ಬಂದು ನೆಲೆಸಿದ ಕೇಳುಗರಿಗೆ ಇದೇ ಕಥೆಯ ಇನ್ನೊಂದು ಅಧ್ಯಾಯ ಗೊತ್ತೇ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಎರಡನೇ ಹಂತಕ್ಕೂ ವಿಶ್ವಬ್ಯಾಂಕಿನ ಸಾಲವಿತ್ತು. ಪುನರ್ವಸತಿ ಹಿಂದೆ ಬಿದ್ದಿದೆಯೆಂದು 1990ರ ದಶಕದಲ್ಲಿ ಬ್ಯಾಂಕು ಎರಡು ಬಾರಿ ಹಣ ತಡೆಹಿಡಿಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ತಗ್ಗಿನ ಭಾಗಗಳು ಸೇರಿದವು, ಪಕ್ಕದಲ್ಲಿ ನವನಗರ ಎದ್ದಿತು.

ಖಾಸಗಿ ಬ್ಯಾಂಕುಗಳ ಸರದಿ ಆಮೇಲೆ. 2003ರ ಜೂನ್‌ನಲ್ಲಿ ಹತ್ತು ಬ್ಯಾಂಕುಗಳು 'ಈಕ್ವೇಟರ್ ತತ್ವಗಳು' ಎಂಬ ಒಪ್ಪಂದ ಮಾಡಿಕೊಂಡವು. ಅದರಂತೆ ದೊಡ್ಡ ಯೋಜನೆಗಳನ್ನು ಹಾನಿಯ ಸಾಧ್ಯತೆ ನೋಡಿ ಎ, ಬಿ, ಸಿ ಎಂದು ವಿಂಗಡಿಸಬೇಕು. ಹೆಚ್ಚು ಹಾನಿಯ ಯೋಜನೆಯಾದರೆ ಅಧ್ಯಯನ ನಡೆಸಿ, ಜನರ ಮಾತು ಕೇಳಿ, ಪರಿಹಾರದ ಕ್ರಮಗಳನ್ನು ಸಾಲದ ಕರಾರಿನಲ್ಲೇ ಬರೆಯಬೇಕು. ಭಾರತದಿಂದ ಮೊದಲು ಸೇರಿದ್ದು ಐಡಿಎಫ್‌ಸಿ, 2013ರಲ್ಲಿ.

ಕಂಪನಿಗಳ ಕಡೆಯಿಂದಲೂ ಲೆಕ್ಕ ಕೇಳಿದ್ದು ಸೆಬಿ. 2012ರಲ್ಲಿ ಷೇರುಪೇಟೆಯ ಮೊದಲ 100 ಕಂಪನಿಗಳು ಹೊಣೆಗಾರಿಕೆ ವರದಿ ಕೊಡಬೇಕೆಂದಿತು. 2022-23ರಿಂದ ಮೊದಲ 1000 ಕಂಪನಿಗಳಿಗೆ ಇನ್ನೂ ವಿವರವಾದ ವರದಿ ಕಡ್ಡಾಯವಾಯಿತು. ಬಿಆರ್‌ಎಸ್‌ಆರ್ ಎಂದು ಅದರ ಹೆಸರು. ಎಷ್ಟು ವಿದ್ಯುತ್, ಎಷ್ಟು ನೀರು, ಎಷ್ಟು ಕಸ, ಎಷ್ಟು ಅಪಘಾತ ಎಂಬುದೆಲ್ಲ ಅದರಲ್ಲಿರುತ್ತದೆ. ಪುನರ್ವಸತಿ ನಡೆಯುತ್ತಿದ್ದರೆ ಯಾವ ಜಿಲ್ಲೆ, ಎಷ್ಟು ಸಂತ್ರಸ್ತ ಕುಟುಂಬಗಳು, ಆ ವರ್ಷ ಎಷ್ಟು ಹಣ ಸಂದಾಯವಾಯಿತು ಎಂದೂ ತುಂಬಬೇಕು.

ನಿಮ್ಮ ಮ್ಯೂಚುವಲ್ ಫಂಡಿನ ಹಣ, ಭವಿಷ್ಯನಿಧಿಯ ಹಣ ಇಂಥ ಕಂಪನಿಗಳಲ್ಲೇ ಇರಬಹುದು. ಅಂದರೆ ನೀವೂ ಸಾಲ ಕೊಟ್ಟವರ ಸಾಲಿನಲ್ಲೇ ಇದ್ದೀರಿ. ಕಂಪನಿಯ ವಾರ್ಷಿಕ ವರದಿ ಕೈಗೆ ಬಂದಾಗ ಡಿವಿಡೆಂಡಿನ ಪುಟದ ಜತೆಗೆ ಈ ಪುಟವನ್ನೂ ತಿರುವಿ ನೋಡಿ. ಒಂದು ಮಾತು ನೆನಪಿರಲಿ: ಸಂತ್ರಸ್ತ ಕುಟುಂಬಗಳ ಆ ಸಂಖ್ಯೆಯನ್ನು ತುಂಬುವುದು ಕಂಪನಿಯೇ. ಪಹಣಿ ಇಲ್ಲದವರು, ಕಾಲುವೆ ಪಕ್ಕದವರು ಆ ಲೆಕ್ಕದಲ್ಲಿ ಇದ್ದಾರೆಯೇ? ನರ್ಮದೆಯ ಜನ ಅಂದು ಕೇಳಿದ್ದು ಇದನ್ನೇ. ಇಂದು ಕೇಳುವ ಹಕ್ಕು ಹೂಡಿಕೆದಾರರಾದ ನಿಮಗೂ ಇದೆ.