ಗಾಡಿಗಳಿಲ್ಲದ ಬಿಳಿ ರಸ್ತೆ: ಅಲ್ಲಿದ್ದ ಜನ ಎಲ್ಲಿಗೆ ಹೋದರು?

 

ಒಂದು ದೃಶ್ಯದಿಂದ ಶುರು ಮಾಡ್ತೀನಿ. ನಿಮ್ಮ ಫೋನಿನಲ್ಲೂ ಬಂದಿರಬಹುದು. 2025ರ ಮಾರ್ಚ್. ತಾದೇಯ್ ಪೊಗಾಚಾರ್ ಸೈಕಲ್‌ನಿಂದ ಬಿದ್ದು, ಜೆರ್ಸಿ ಹರಿದು, ತೋಳಲ್ಲಿ ರಕ್ತ. ಆದರೂ ಎದ್ದು ತುಳಿದು ರೇಸ್ ಗೆಲ್ಲುತ್ತಾನೆ. ಆ ರೇಸಿನ ಹೆಸರು ಸ್ತ್ರಾದೆ ಬಿಯಾಂಕೆ. ಇಟಾಲಿಯನ್ ಭಾಷೆಯಲ್ಲಿ ಹಾಗಂದ್ರೆ ಬಿಳಿ ರಸ್ತೆಗಳು, ಅಷ್ಟೆ. ಸುಣ್ಣದಕಲ್ಲಿನ ಜಲ್ಲಿ ಹಾಸಿದ, ಡಾಂಬರು ಕಾಣದ ರಸ್ತೆಗಳು. ಸುತ್ತ ಗುಡ್ಡ, ಓಕ್ ಕಾಡು, ದ್ರಾಕ್ಷಿ ತೋಟ. ರೇಸ್ ಇಲ್ಲದ ದಿನ ಗ್ರಾವೆಲ್ ಬೈಕ್ ತಗೊಂಡು ಹೋದರೆ ಎದುರಿಗೆ ಕಾರು ಸಿಗೋದೇ ಅಪರೂಪ.

ಎಲ್ಲರೂ ಇದನ್ನ ಸ್ವರ್ಗ ಅಂತಾರೆ. ನಾನು ಬಿ.ಕಾಂ. ಓದಿದವನು, ಲೆಕ್ಕ ಕೇಳೋದು ಅಭ್ಯಾಸ. ಇಷ್ಟು ಒತ್ತಾಗಿ ರಸ್ತೆಗಳನ್ನ ಯಾರಿಗಾಗಿ ಮಾಡಿದ್ರು? ಅಷ್ಟೆಲ್ಲ ರಸ್ತೆ ಇದ್ದೂ ಗಾಡಿ ಯಾಕಿಲ್ಲ? ಇವತ್ತಿನ ಎಪಿಸೋಡ್ ಇಷ್ಟೇ.

ಜಾಗ ಯಾವುದು ಅಂದ್ರೆ, ಇಟಲಿಯ ಟಸ್ಕನಿ ಪ್ರಾಂತ್ಯದ ಕಿಯಾಂಟಿ. ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಿನ ಗುಡ್ಡಗಾಡು. ಇಲ್ಲಿ ಶತಮಾನಗಳ ಕಾಲ ನಡೆದ ಬೇಸಾಯ ಪದ್ಧತಿಗೆ ಮೆತ್ಸಾದ್ರಿಯಾ ಅಂತ ಹೆಸರು. ಅರ್ಧ ಪಾಲು ಅಂತ ಅರ್ಥ. ಭೂಮಿ ಮತ್ತು ಮನೆ ಧಣಿಯದು, ದುಡಿಮೆ ರೈತ ಕುಟುಂಬದ್ದು, ಬೆಳೆ ಅರ್ಧ ಅರ್ಧ. ಕೇಳೋಕೆ ನಾವು ಕಾಲೇಜಲ್ಲಿ ಓದಿದ ಪಾರ್ಟ್‌ನರ್‌ಶಿಪ್ ಥರ ಇದೆ. ಆದರೆ ಪಾಲುದಾರರಲ್ಲಿ ಒಬ್ಬನ ಕೈಲಿ ಮಾತ್ರ ಪೆನ್ನು. ಧಣಿಯ ಪರವಾಗಿ ಒಬ್ಬ ಮೇಲ್ವಿಚಾರಕ ಲೆಕ್ಕ ಬರೀತಿದ್ದ. ರೈತನ ಹತ್ತಿರವೂ ಒಂದು ಪ್ರತಿ ಇರ್ತಿತ್ತು, ಆದರೆ ಎಷ್ಟೋ ಮನೆಗಳಲ್ಲಿ ಅದನ್ನ ಓದೋಕೆ ಬರೋರೇ ಇರಲಿಲ್ಲ. ಈ ವರ್ಷದ ಸಾಲ ಮುಂದಿನ ವರ್ಷದ ಪುಟಕ್ಕೆ ಹೋಗ್ತಿತ್ತು. ಹಬ್ಬಕ್ಕೆ ಧಣಿ ಮನೆಗೆ ಕೋಳಿ, ಮೊಟ್ಟೆ ಮುಟ್ಟಿಸಬೇಕು. ಮನೆಯಲ್ಲಿ ಮದುವೆ ಅಂದ್ರೂ ಧಣಿಯ ಒಪ್ಪಿಗೆ ಬೇಕು.

ಇದಕ್ಕೂ ರಸ್ತೆಗೂ ಏನು ಸಂಬಂಧ? ಇದೆ. ಈ ಪದ್ಧತಿಯಲ್ಲಿ ರೈತರು ಊರೊಳಗೆ ಒಟ್ಟಾಗಿ ವಾಸ ಮಾಡ್ತಿರಲಿಲ್ಲ. ಪ್ರತಿ ಕುಟುಂಬಕ್ಕೂ ಒಂದು ಹಿಡುವಳಿ, ಅದರ ನಡುವೆ ಒಂದು ಕಲ್ಲಿನ ಮನೆ. ಗುಡ್ಡಕ್ಕೊಂದು ಒಂಟಿಮನೆ, ನಮ್ಮ ಮಲೆನಾಡಿನ ಹಾಗೇ. ಪ್ರತಿ ಮನೆಯಿಂದ ಧಣಿಯ ಕಣಜಕ್ಕೆ ದಾರಿ ಬೇಕು, ಗಿರಣಿಗೆ ಬೇಕು, ಚರ್ಚಿಗೆ ಬೇಕು, ಪಕ್ಕದ ಮನೆಗೂ ಬೇಕು. ಹಾಗಾಗಿ ಗುಡ್ಡದ ತುಂಬ ಜೇಡರ ಬಲೆ ಥರ ದಾರಿಗಳಾದವು. ದೊಡ್ಡ ಬಿಳಿ ಎತ್ತುಗಳ ಗಾಡಿಯಲ್ಲಿ ದ್ರಾಕ್ಷಿ, ಗೋಧಿ, ಆಲಿವ್ ಸಾಗಿದ್ದು ಅವುಗಳ ಮೇಲೇ. ಇವತ್ತು ಸೈಕಲ್ ಮ್ಯಾಪಿನಲ್ಲಿ ಕಾಣೋ ಎಷ್ಟೋ ಗೆರೆಗಳು ಆ ಪಾಲಿನ ಬೆಳೆ ಸಾಗಿದ ದಾರಿಗಳು.

ಎರಡನೇ ಮಹಾಯುದ್ಧ ಮುಗೀತು. ರೈತರು ಹೆಚ್ಚಿನ ಪಾಲಿಗಾಗಿ ಹೋರಾಡಿದರು. ಕೊನೆಗೆ 1964ರಲ್ಲಿ ಕಾನೂನು ಬಂತು. ರೈತನ ಪಾಲು ಶೇ. 58 ಆಯ್ತು, ಹೊಸದಾಗಿ ಮೆತ್ಸಾದ್ರಿಯಾ ಕರಾರು ಮಾಡಿಕೊಳ್ಳೋದು ನಿಷೇಧ ಆಯ್ತು. ಆದರೆ ಅಷ್ಟು ಹೊತ್ತಿಗೆ ಜನ ಕಾಯೋದನ್ನ ನಿಲ್ಲಿಸಿದ್ದರು. ಪ್ರಾತೊದಲ್ಲಿ ಬಟ್ಟೆ ಗಿರಣಿ, ಪೊಂತೆದೇರಾದಲ್ಲಿ ವೆಸ್ಪಾ ಸ್ಕೂಟರ್ ಕಾರ್ಖಾನೆ. ತಿಂಗಳ ಸಂಬಳ, ಮನೆಯಲ್ಲೇ ನಲ್ಲಿ ನೀರು, ಕರೆಂಟು. ಹುಡುಗರು ಹೊರಟರು. ಗೇಣಿ ರೈತನ ಮನೆಗೆ ಸೊಸೆಯಾಗಿ ಹೋಗಲ್ಲ ಅಂತ ಹುಡುಗಿಯರು ಹೇಳೋಕೆ ಶುರು ಮಾಡಿದರು. ಇದು ಎಲ್ಲೋ ಕೇಳಿದ ಹಾಗಿದೆಯಾ? ಹೆಣ್ಣು ಸಿಗ್ತಿಲ್ಲ ಅಂತ ಮಂಡ್ಯ ಕಡೆಯ ಯುವ ರೈತರು 2023ರಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದು ನೆನಪಿರಬೇಕು.

ಹೀಗೆ ಗುಡ್ಡಗಳು ಖಾಲಿಯಾದವು. ಬಿದ್ದುಹೋಗ್ತಿದ್ದ ಕಲ್ಲಿನ ಮನೆಗಳನ್ನ ವಿದೇಶಿಯರು ಕೊಂಡರು. ಇಂಗ್ಲಿಷರು ಎಷ್ಟು ಬಂದರು ಅಂದ್ರೆ ಆ ಸೀಮೆಗೆ ಕಿಯಾಂಟಿಶೈರ್ ಅಂತ ಅಡ್ಡಹೆಸರೇ ಬಿತ್ತು. ಮುಖ್ಯ ರಸ್ತೆಗಳಿಗೆ ಡಾಂಬರು ಬಂತು. ಆದರೆ ಜನರೇ ಇಲ್ಲದ ಮನೆಯ ದಾರಿಗೆ ಯಾರು ಡಾಂಬರು ಹಾಕ್ತಾರೆ? ಎಷ್ಟೋ ಬಿಳಿ ರಸ್ತೆಗಳು ಬಿಳಿಯಾಗಿಯೇ ಉಳಿದವು. ಯಾರೋ ಪ್ರೀತಿಯಿಂದ ಉಳಿಸಿದ್ದಲ್ಲ, ಕೇಳೋರಿಲ್ಲದೆ ಉಳಿದದ್ದು.

ಪ್ರೀತಿ ಆಮೇಲೆ ಬಂತು. ಗಾಯೊಲೆ ಅನ್ನೋ ಊರಿನ ಜಾಂಕಾರ್ಲೊ ಬ್ರೊಚ್ಚಿಗೆ ಉಳಿದ ರಸ್ತೆಗಳೂ ಒಂದೊಂದಾಗಿ ಕಪ್ಪಾಗ್ತಿರೋದು ಸಂಕಟ ಆಯ್ತು. ಜಿರೊ ದಿತಾಲಿಯಾ ಸೈಕಲ್ ರೇಸ್ 1909ರಲ್ಲಿ ಶುರುವಾದಾಗ ನಡೆದಿದ್ದು ಇಂಥ ಕಚ್ಚಾ ರಸ್ತೆಗಳ ಮೇಲೇ. ಆ ನೆನಪನ್ನ ಹಿಡ್ಕೊಂಡು 1997ರಲ್ಲಿ ಅವರು ಎರೊಯಿಕಾ ಅನ್ನೋ ಸವಾರಿ ಶುರು ಮಾಡಿದರು. ಮೊದಲ ವರ್ಷ ಬಂದವರು 92 ಜನ. ನಿಯಮ ಏನು ಅಂದ್ರೆ ಸೈಕಲ್ 1987 ಅಥವಾ ಅದಕ್ಕೂ ಹಿಂದಿನದಾಗಿರಬೇಕು. ಈಗ ಸಾವಿರಾರು ಜನ ಬರ್ತಾರೆ. ನಸುಕಿನ ಕತ್ತಲಲ್ಲಿ ಬ್ರೋಲಿಯೊ ಕೋಟೆಯ ಏರಿನುದ್ದಕ್ಕೂ ದೀಪ ಹಚ್ಚಿಟ್ಟಿರ್ತಾರೆ. ದಾರಿಯಲ್ಲಿ ತಿನ್ನೋಕೆ ಕೊಡೋದು ಹಳೇ ರೊಟ್ಟಿ ಹಾಕಿ ಕುದಿಸಿದ ತರಕಾರಿ ಸಾರು. ಅದು ಆ ಗೇಣಿ ರೈತರ ಊಟ. 2007ರಲ್ಲಿ ವೃತ್ತಿಪರರ ರೇಸ್ ಬಂತು, 2015ರಲ್ಲಿ ಮಹಿಳೆಯರದ್ದು. ಡಾಂಬರು ಕಾಣದ ರಸ್ತೆಯೇ ಊರಿಗೆ ಆದಾಯ ತರೋ ಆಸ್ತಿ ಆಯ್ತು.

ನಾನು ಇದನ್ನೆಲ್ಲ ಯಾಕೆ ಹುಡುಕ್ಕೊಂಡು ಹೋದೆ ಅಂತ ಹೇಳಿಬಿಡ್ತೀನಿ.

ನಮ್ಮ ಅಜ್ಜಿ ಮನೆ ಸಾಗರ ತಾಲ್ಲೂಕಿನ ಒಂದು ಒಳಹಳ್ಳಿ. ಟಾರ್ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಮಣ್ಣು ರಸ್ತೆ, ಎರಡೂ ಕಡೆ ಕಾಡು. ಕಳೆದ ಡಿಸೆಂಬರ್‌ನಲ್ಲಿ ಸೈಕಲ್ ತಗೊಂಡು ಹೋಗಿದ್ದೆ. ಬೆಳಗಿನ ಮಂಜಲ್ಲಿ ಒಂದು ವಿಡಿಯೊ ಮಾಡಿ, ‘ಝೀರೋ ಟ್ರಾಫಿಕ್, ಸ್ವರ್ಗ’ ಅಂತ ಹಾಕಿದೆ. ಒಳ್ಳೆ ಲೈಕ್ಸ್ ಬಂತು. ಅಜ್ಜಿಗೆ ತೋರಿಸಿದೆ. ಅವರು ನೋಡಿ ಅಂದರು: “ಗಾಡಿ ಇಲ್ಲ ಅಂತ ಖುಷಿ ಪಡ್ತೀಯಲ ಮಾರಾಯ. ಮನೇಲಿ ಜನ ಇದ್ರಲ್ವನ ಗಾಡಿ ಬರದು?”

ಆ ರಸ್ತೆಯಲ್ಲಿ ಏಳು ಮನೆ. ಮೂರಕ್ಕೆ ಬೀಗ. ಉಳಿದ ನಾಲ್ಕರಲ್ಲಿ ಇರೋರು ಎಲ್ಲರೂ ಅರವತ್ತು ದಾಟಿದವರು. ಎರಡು ಮಳೆಗಾಲದ ಹಿಂದೆ ಅಜ್ಜಿಗೆ ಜ್ವರ ಜೋರಾದಾಗ ಕೆಸರಲ್ಲಿ ಜೀಪು ಹತ್ತಲಿಲ್ಲ. ಪಕ್ಕದ ಮನೆಯವರು ಕುರ್ಚಿಯಲ್ಲಿ ಕೂರಿಸಿ ಟಾರ್ ರಸ್ತೆವರೆಗೆ ಹೊತ್ತು ತಂದರು. ಹೊತ್ತವರಿಗೂ ವಯಸ್ಸಾಗಿದೆ. ನಾನು ಬೆಂಗಳೂರಲ್ಲಿ ಎಡಿಟಿಂಗ್ ಮಾಡ್ತಾ ಕೂತಿದ್ದೆ.

ಇನ್ನೊಂದು ವಿಷಯ. ನಮ್ಮ ಮುತ್ತಜ್ಜನೂ ಗೇಣಿದಾರ. ಅದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಜಗಳದ ಮೂಲ ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರ. ಕಿಯಾಂಟಿಯಲ್ಲಿ ಪೆನ್ನು, ಇಲ್ಲಿ ಕೊಳಗ. ಆದರೆ ಅಲ್ಲಿಂದ ಮುಂದೆ ಎರಡು ಕಥೆ ಬೇರೆ ಆಗ್ತವೆ. 1974ರ ತಿದ್ದುಪಡಿ ಬಂದ ಮೇಲೆ ನಮ್ಮಲ್ಲಿ ಗೇಣಿದಾರರು ಡಿಕ್ಲರೇಷನ್ ಹಾಕಿ ಭೂಮಿಯ ಒಡೆಯರಾದರು. ನಮ್ಮ ಮುತ್ತಜ್ಜನಿಗೂ ಎರಡೂವರೆ ಎಕರೆ ಬಂತು. ಕಿಯಾಂಟಿಯ ಹೆಚ್ಚಿನವರು ಭೂಮಿ ಸಿಗದೆ ಹೋದರು. ನಾವು ಭೂಮಿ ಸಿಕ್ಕಿದ ಮೇಲೂ, ಎರಡು ತಲೆಮಾರು ದಾಟಿ, ಅದೇ ಕಾರಣಗಳಿಗೆ ಹೋಗ್ತಾ ಇದೀವಿ. ಸಂಬಳ, ಮದುವೆ, ಆಸ್ಪತ್ರೆ.

ಹಾಗಂತ ಮಣ್ಣು ರಸ್ತೆಯಲ್ಲಿ ಸೈಕಲ್ ಹೊಡೀಬೇಡಿ ಅಂತ ನಾನು ಹೇಳ್ತಿಲ್ಲ. ನಾನೇ ಹೊಡೀತೀನಿ. ಗಾಯೊಲೆಯವರು ಮಾಡಿದ್ದು ದೊಡ್ಡ ಕೆಲಸ, ಊರಿಗೆ ಜನ ಬರೋ ಹಾಗೆ ಮಾಡಿದರು. ಆದರೆ ಅದನ್ನ ಮಾಡಿದ್ದು ಅದೇ ಊರಿನವರು. ‘ನಮ್ಮ ಹಳ್ಳಿ ಹೀಗೇ ಇರಲಿ, ಟಾರ್ ಬೇಡ’ ಅಂತ ಬೆಂಗಳೂರಿಂದ ಕಾಮೆಂಟ್ ಹಾಕೋ ಹಕ್ಕು ನನಗೆ ಇಲ್ಲ. ಅಜ್ಜಿಗೆ ಟಾರ್ ಬೇಕು. ಹಾಗಾಗಿ ಪಂಚಾಯ್ತಿಗೆ ಕೊಡೋ ಅರ್ಜಿಯನ್ನ ಈ ಸಲ ನಾನೇ ಟೈಪ್ ಮಾಡಿದೆ. ನಾಲ್ಕು ಮನೆಯವರೂ ಸಹಿ ಹಾಕಿದ್ದಾರೆ. ರಸ್ತೆ ಆದರೆ ನನ್ನ ವಿಡಿಯೊದಲ್ಲಿರೋ ಆ ದಾರಿ ಇರಲ್ಲ. ಪರವಾಗಿಲ್ಲ.

ನಿಮ್ಮ ಕೆಲಸ ಒಂದಿದೆ. ಮುಂದಿನ ಸಲ ಇಂಥ ರಸ್ತೆ ಸಿಕ್ಕರೆ ಸೈಕಲ್ ನಿಲ್ಲಿಸಿ, ಅಲ್ಲಿರೋ ಹಿರಿಯರನ್ನ ಕೇಳಿ: ಈ ದಾರಿ ಕಡಿದೋರು ಯಾರು, ಇಲ್ಲಿ ಮುಂಚೆ ಎಷ್ಟು ಮನೆ ಇತ್ತು? ಅವರು ಹೇಳಿದ್ದನ್ನ ರೆಕಾರ್ಡ್ ಮಾಡಿ ನನಗೆ ಕಳಿಸಿ, ಒಂದು ಎಪಿಸೋಡ್ ಮಾಡೋಣ.

ಮುಂದಿನ ವಾರ ಸಿಗೋಣ. ಹೆಲ್ಮೆಟ್ ಮರೀಬೇಡಿ.